ಮ್ಯಾನೇಜ್‌ಮೆಂಟ್ ಪರ ವಕೀಲಿಕೆ: ಕೇಳಿ, ಹೇಳ್ತೀನಿ

ನಮಸ್ಕಾರ. ನಾನು ಬೆಂಗಳೂರಿನಲ್ಲಿ ವಕೀಲೆ. ಲೇಬರ್ ಕೋರ್ಟ್‌ನಲ್ಲಿ ಮ್ಯಾನೇಜ್‌ಮೆಂಟ್ ಪರ, ಸಿಟಿ ಸಿವಿಲ್ ಕೋರ್ಟ್‌ನಲ್ಲಿ ಹೆಚ್ಚಾಗಿ ಪ್ರತಿವಾದಿ ಪರ ಕೇಸು ನಡೆಸುತ್ತೇನೆ. ಈ ಕೆಲಸದ ಬಗ್ಗೆ ಏನು ಬೇಕಾದರೂ ಕೇಳಿ. ನಿಮ್ಮ ಸ್ವಂತ ಕೇಸಿಗೆ ಮಾತ್ರ ಇಲ್ಲಿ ಸಲಹೆ ಕೇಳಬೇಡಿ, ಫೈಲ್ ನೋಡದೆ ಹೇಳೋಕಾಗಲ್ಲ. ಫೋನ್ ನಂಬರೂ ಕೊಡುವುದಿಲ್ಲ. ವಕೀಲರು ಜಾಹೀರಾತು ಮಾಡಿಕೊಳ್ಳುವ ಹಾಗಿಲ್ಲ.

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಹುಬ್ಬಳ್ಳಿ): ಮೇಡಂ, ನೀವು ಯಾವಾಗ್ಲೂ ಕಂಪನಿ ಕಡೆ. ಕೆಲಸ ಕಳ್ಕೊಂಡವರ ಎದುರು ನಿಲ್ಲೋಕೆ ಬೇಜಾರಾಗಲ್ವಾ?

ಉತ್ತರ: ಕೆಲವು ಸಲ ಆಗುತ್ತದಮ್ಮ. ಆದರೆ ಈ ಕೆಲಸದಲ್ಲಿ ಅರ್ಧ ಭಾಗ ಕಂಪನಿಗೆ 'ನೀವು ಮಾಡಿದ್ದು ತಪ್ಪು' ಎಂದು ಹೇಳುವುದೇ. ಆರು ವರ್ಷ ದುಡಿದ ಟೈಲರ್‌ಗೆ ಒಂದು ದಿನ ಗೇಟಿನಲ್ಲೇ 'ನಾಳೆಯಿಂದ ಬರಬೇಡ' ಅಂದಿರುತ್ತಾರೆ. ಕಾಗದವೂ ಇಲ್ಲ, ದುಡ್ಡೂ ಇಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಂ ಪ್ರಕಾರ, ಒಂದು ವರ್ಷದಲ್ಲಿ 240 ದಿನ ದುಡಿದವರನ್ನು ಕೆಲಸ ಇಲ್ಲವೆಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕಿತ್ತು. ಜೊತೆಗೆ ಪ್ರತಿ ವರ್ಷದ ಸರ್ವೀಸಿಗೆ 15 ದಿನದ ಸಂಬಳ. ಅದನ್ನು ಆವತ್ತೇ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕೊಡದೆ ಕೇಸಿಗೆ ಬಂದ ಮೇಲೆ ಹಿಂಬಾಕಿ ಸಂಬಳದ ಮೀಟರ್ ಓಡುತ್ತಲೇ ಇರುತ್ತದೆ. ಇಂಥ ಫೈಲ್ ಬಂದರೆ 'ರಾಜಿ ಮಾಡಿಕೊಳ್ಳಿ' ಅನ್ನುತ್ತೇನೆ.

ಅದೇ ವಿದ್ಯಾರ್ಥಿನಿ: ಅವ್ರು ಕೇಳದಿದ್ರೆ?

ಉತ್ತರ: ಕೇಸು ನಡೆಸುತ್ತೇನೆ. ಸಲಹೆ ಕೊಟ್ಟಿದ್ದೆ ಅನ್ನುವುದಕ್ಕೆ ಒಂದು ಇಮೇಲ್ ಇರುತ್ತದೆ. ಹಳೇ ತಾರೀಖು ಹಾಕಿ ಕಾಗದ ಮಾಡಿಕೊಡ್ತೀವಿ ಅಂದರೆ ಮಾತ್ರ ಫೈಲ್ ವಾಪಸ್.

ಪ್ರಶ್ನೆ (ಎಚ್‌ಆರ್ ಉದ್ಯೋಗಿ, ಪೀಣ್ಯ): ಕೋರ್ಟ್‌ನಲ್ಲಿ ನಿಜವಾಗ್ಲೂ ಏನ್ ನಡೆಯುತ್ತೆ? ಸಿನಿಮಾ ಥರ ವಾದ ಇರುತ್ತಾ?

ಉತ್ತರ: ವಾದ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಕೇಸು ಬಹುಪಾಲು ಗೆದ್ದಿರುತ್ತದೆ ಅಥವಾ ಸೋತಿರುತ್ತದೆ, ಅದೂ ನಿಮ್ಮ ಕಾರ್ಖಾನೆಯಲ್ಲೇ.

ಬಸ್ ಕಂಡಕ್ಟರ್ ಕೇಸನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದ ಲೇಬರ್ ಕೋರ್ಟ್‌ಗಳಲ್ಲಿ ಇವು ತುಂಬಾ ಮಾಮೂಲು. ತನಿಖಾ ಸಿಬ್ಬಂದಿ ಬಸ್ ನಿಲ್ಲಿಸುತ್ತಾರೆ. ನಾಲ್ಕು ಪ್ರಯಾಣಿಕರ ಹತ್ತಿರ ಟಿಕೆಟ್ ಇಲ್ಲ, ದುಡ್ಡು ಕೊಟ್ಟಿದ್ದೇವೆ ಅನ್ನುತ್ತಾರೆ. ಆರೋಪ ಪತ್ರ, ಇಲಾಖಾ ವಿಚಾರಣೆ, ವಜಾ. ಕಂಡಕ್ಟರ್ ಲೇಬರ್ ಕೋರ್ಟ್‌ಗೆ ಹೋಗುತ್ತಾರೆ. ಹಣ ತಿಂದರೋ ಇಲ್ಲವೋ ಅನ್ನುವುದನ್ನು ಜಡ್ಜ್ ಮೊದಲಿಗೆ ನೋಡುವುದಿಲ್ಲ. ಇಲಾಖಾ ವಿಚಾರಣೆ ನ್ಯಾಯವಾಗಿ ನಡೆಯಿತಾ ಅನ್ನುವುದನ್ನು ನೋಡುತ್ತಾರೆ. ಇದನ್ನೇ ಪ್ರಾಥಮಿಕ ವಿವಾದಾಂಶ ಅನ್ನುವುದು.

ಇಲ್ಲಿ ಇಲಾಖಾ ವಿಚಾರಣೆ ನಡೆಸಿದ ವಿಚಾರಣಾಧಿಕಾರಿ ಸಾಕ್ಷಿ ಕಟಕಟೆಗೆ ಬರುತ್ತಾರೆ. ಒಂದು ಕಾರ್ಖಾನೆಯ ಕೇಸಿನಲ್ಲಿ ಕಾರ್ಮಿಕನ ಪರ ಇದ್ದವರು ಹಿರಿಯ ವಕೀಲರು, ದನಿ ಏರಿಸುವವರೇ ಅಲ್ಲ. ವಿಚಾರಣೆಯ ನಡಾವಳಿ ತೋರಿಸಿ ತಾರೀಖು ಓದಿಸಿದರು. ಆಮೇಲೆ ಕ್ಯಾಲೆಂಡರ್ ಕೊಟ್ಟರು. ಆವತ್ತು ಭಾನುವಾರ. ಕಾರ್ಖಾನೆಗೆ ವಾರದ ರಜೆ. ನಡಾವಳಿಯಲ್ಲಿ ಮಾತ್ರ ಮೂವರು ಸಾಕ್ಷಿಗಳ ಹೇಳಿಕೆ, ಎಲ್ಲ ಒಂದೇ ಪೆನ್ನಿನಲ್ಲಿ. 'ವಿಚಾರಣೆ ನಡೆಸಿದೆ ಎನ್ನಲಾದ ದಿನ ಕಾರ್ಖಾನೆಗೆ ರಜೆ ಇತ್ತು ಎಂದರೆ ಸರಿ' ಎಂದು ಅಧಿಕಾರಿ ಒಪ್ಪಿಕೊಂಡದ್ದು ಟೈಪಾಯಿತು. ಆ ವಿಚಾರಣೆ ಅಲ್ಲಿಗೆ ಬಿತ್ತು. ಇಂಥದ್ದಕ್ಕೆ ಯಾವ ವಾದವೂ ಔಷಧಿ ಅಲ್ಲ.

ಆದರೂ ಕಂಪನಿಗೆ ಇನ್ನೊಂದು ಅವಕಾಶ ಇದೆ. ವಿಚಾರಣೆ ಬಿದ್ದರೂ ಆರೋಪವನ್ನು ಕೋರ್ಟ್ ಮುಂದೆಯೇ ಹೊಸದಾಗಿ ಸಾಬೀತು ಮಾಡಬಹುದು. ಆದರೆ ಆ ಅವಕಾಶ ಬೇಕು ಎಂದು ತಕರಾರಿನಲ್ಲೇ, ಅಂದರೆ ಕಂಪನಿ ಕೋರ್ಟ್‌ಗೆ ಹಾಕುವ ಲಿಖಿತ ಉತ್ತರದಲ್ಲೇ ಕೇಳಿರಬೇಕು. ಕೆಎಸ್ಆರ್‌ಟಿಸಿ ಮತ್ತು ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2001ರಲ್ಲಿ ಇದನ್ನು ಗಟ್ಟಿ ಮಾಡಿತು. ಜೂನಿಯರ್‌ಗಳು ಡ್ರಾಫ್ಟ್ ತಂದರೆ ನಾನು ಮೊದಲು ಕೊನೇ ಪ್ಯಾರಾ ನೋಡುವುದು ಅದಕ್ಕೇ. 'ವಿಚಾರಣೆ ಕ್ರಮಬದ್ಧವಲ್ಲ ಎಂದು ಕಂಡುಬಂದಲ್ಲಿ ಸಾಕ್ಷ್ಯ ನೀಡಲು ಅನುಮತಿ ಕೊಡಬೇಕು' ಅನ್ನುವ ಒಂದು ಸಾಲು. ಅದಿಲ್ಲದೆ ಹೋದರೆ ಮುಂದೆ ಬಾಯಿ ಬಡಿದುಕೊಳ್ಳಬೇಕಾಗುತ್ತದೆ.

ಆರೋಪ ಸಾಬೀತಾದ ಮೇಲೂ ಜಡ್ಜ್ ಶಿಕ್ಷೆ ಕಡಿಮೆ ಮಾಡಬಹುದು. ಹಿಂದಿನ ಸರ್ವೀಸ್ ದಾಖಲೆ ತನ್ನಿ ಎಂದು ನಾನು ಪೀಡಿಸುವುದು ಆಗ ಕೆಲಸಕ್ಕೆ ಬರುತ್ತದೆ. ನಿಮ್ಮ ಎಚ್‌ಆರ್‌ನವರಿಗೆ ಒಂದು ಮಾತು: ಸಾಕ್ಷಿಗೆ ಬಂದಾಗ ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ' ಅನ್ನಿ. ಕಂಪನಿ ಮರ್ಯಾದೆ ಉಳಿಸೋಕೆ ಹೋಗಿ ಜಾಸ್ತಿ ಮಾತಾಡಿ ಕೆಡಿಸಿದವರೇ ಹೆಚ್ಚು.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ): ಮೇಡಂ, ಬಾಂಡ್ ಕೇಸುಗಳು ಬರ್ತವಾ? ಬಾಂಡ್‌ಗೆ ಬೆಲೆನೇ ಇಲ್ಲ ಅಂತಾರಲ್ಲ.

ಉತ್ತರ: ಬರುತ್ತವೆ. ಎರಡು ವಿಷಯ ಬೆರೆಸಬೇಡಿ. ಕೆಲಸ ಬಿಟ್ಟ ಮೇಲೆ ಎದುರಾಳಿ ಕಂಪನಿ ಸೇರಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ಅದನ್ನು ಅಸಿಂಧು ಮಾಡುತ್ತದೆ. ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಹಣ ಕಟ್ಟಬೇಕು ಅನ್ನುವುದು ಬೇರೆ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷ ಮುಗಿಯುವ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕು, ನೇಮಕಾತಿಗೆ ಖರ್ಚು ಮಾಡಿತ್ತು, ಅಧಿಕಾರಿಯ ಹುದ್ದೆ. ಅದನ್ನು ತೋರಿಸಿ ಟ್ರೈನಿಂಗೇ ಕೊಡದ ಕಂಪನಿ ಫ್ರೆಶರ್ ಹತ್ತಿರ 5 ಲಕ್ಷ ಕೇಳಿದರೆ ನನ್ನ ಪ್ರಕಾರ ಕಷ್ಟ.

ಪ್ರಶ್ನೆ (ತುಮಕೂರು): ಸಿವಿಲ್ ದಾವೆಯಲ್ಲಿ ಪ್ರತಿವಾದಿ ವಕೀಲರಿಗೆ ದೊಡ್ಡ ತಲೆನೋವು ಯಾವುದು?

ಉತ್ತರ: ಕಕ್ಷಿದಾರರು ತಡವಾಗಿ ಬರುವುದು! ಸಮನ್ಸ್ ತಲುಪಿ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ಉತ್ತರ ಹಾಕಬೇಕು. ಕೋರ್ಟ್ ಕಾರಣ ಒಪ್ಪಿದರೆ 90 ದಿನ. ಮಾಮೂಲಿ ದಾವೆಯಲ್ಲಿ ಆಮೇಲೂ ಕೈಕಾಲು ಹಿಡಿದು ನೋಡಬಹುದು. ವಾಣಿಜ್ಯ ದಾವೆಯಲ್ಲಿ 120 ದಿನಕ್ಕೆ ಬಾಗಿಲು ಮುಚ್ಚಿತು. 2019ರಲ್ಲಿ ಸುಪ್ರೀಂ ಕೋರ್ಟ್ ಇದರಲ್ಲಿ ರಿಯಾಯಿತಿ ಇಲ್ಲ ಅಂದಿದೆ. ಆದರೂ ಸಮನ್ಸನ್ನು ರಿಸೆಪ್ಷನ್ ಡ್ರಾಯರ್‌ನಲ್ಲಿ ಇಟ್ಟು ಮರೆಯುವ ಆಫೀಸುಗಳಿಗೆ ಕಡಿಮೆ ಇಲ್ಲ.

ಪ್ರಶ್ನೆ (ರಾಯಚೂರು): ಅಕ್ಕ, ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಅಷ್ಟಕ್ಕಷ್ಟೆ. ದುಡ್ಡಿನ ವಿಷಯಾನೂ ಹೇಳಿ.

ಉತ್ತರ: ಜಿಲ್ಲಾ ಮಟ್ಟದ ಕೋರ್ಟ್‌ಗಳಲ್ಲಿ ಕನ್ನಡವೇ ನಿನ್ನ ಬಲ ಕಣಪ್ಪ. ಸಾಕ್ಷಿಗಳು ಕನ್ನಡದವರು. ಪಾಟಿ ಸವಾಲನ್ನು ಇಂಗ್ಲಿಷ್‌ನಲ್ಲಿ ಯೋಚಿಸಿ ಕನ್ನಡದಲ್ಲಿ ಕೇಳುವವರು ತಡವರಿಸುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಆದರೆ ತೀರ್ಪುಗಳನ್ನು ಓದೋಕೆ, ಹೈಕೋರ್ಟ್‌ಗೆ ಹೋಗೋಕೆ ಇಂಗ್ಲಿಷ್ ಬೇಕೇ ಬೇಕು. ದಿನಾ ಒಂದು ತೀರ್ಪು ಓದು.

ದುಡ್ಡು ಮೊದಲ ವರ್ಷಗಳಲ್ಲಿ ಕಡಿಮೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ. ಎಷ್ಟೋ ಆಫೀಸುಗಳಲ್ಲಿ ಅಷ್ಟು ಸಿಗುವುದಿಲ್ಲ, ಇದು ನಮ್ಮ ಸೀನಿಯರ್‌ಗಳು ನಾಚಿಕೊಳ್ಳಬೇಕಾದ ವಿಷಯ. ಸೇರುವ ಮುಂಚೆ ಎಷ್ಟು ಕೊಡ್ತೀರಿ ಎಂದು ಬಾಯಿಬಿಟ್ಟು ಕೇಳು. ಮ್ಯಾನೇಜ್‌ಮೆಂಟ್ ಕಡೆ ಒಂದು ಅನುಕೂಲ ಇದೆ, ಒಂದು ಕಂಪನಿ ನಂಬಿದರೆ ಕೇಸುಗಳು ಬರುತ್ತಲೇ ಇರುತ್ತವೆ. ಗೆದ್ದರೆ ಇಷ್ಟು ಪಾಲು ಎಂದು ಫೀಸು ಮಾತಾಡುವುದು ಇಲ್ಲಿ ನಿಷಿದ್ಧ.

ಪ್ರಶ್ನೆ (ಟೆಕ್ಸಾಸ್‌ನಲ್ಲಿರುವ ಕನ್ನಡಿಗರು): ನಮ್ಮ ಮಗಳಿಗೆ ಇಲ್ಲೇ ಈ ಥರ ಟ್ರಯಲ್ ಅಟಾರ್ನಿ ಆಗೋ ಆಸೆ. ಕೆಲಸ ಒಂದೇನಾ?

ಉತ್ತರ: ಬೇರೆಯೇ ಆಟ, ಸರ್. ಅಲ್ಲಿ ಮೊಂಟಾನಾ ಬಿಟ್ಟರೆ ಉಳಿದ ಕಡೆ, ಕರಾರು ಇಲ್ಲದಿದ್ದರೆ, ಕಾರಣ ಹೇಳದೆಯೂ ಕೆಲಸದಿಂದ ತೆಗೆಯಬಹುದು. ಹಾಗಾಗಿ ದಾವೆಗಳು ಹೆಚ್ಚಾಗಿ ತಾರತಮ್ಯದ ಮೇಲೆ, 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು ಅಂಥವುಗಳ ಕೆಳಗೆ. ತೀರ್ಪು ಕೊಡಲು ಜ್ಯೂರಿ ಇರುತ್ತದೆ. ನಮ್ಮಲ್ಲಿ ಅದಿಲ್ಲ. ಟ್ರಯಲ್‌ಗೆ ಮುಂಚೆಯೇ ವಕೀಲರ ಆಫೀಸಿನಲ್ಲಿ ಸಾಕ್ಷಿಯನ್ನು ಪ್ರಮಾಣದ ಮೇಲೆ ಗಂಟೆಗಟ್ಟಲೆ ಪ್ರಶ್ನಿಸುವ ಡೆಪೊಸಿಷನ್ ಇದೆ. ಬಹುಪಾಲು ಕೇಸುಗಳು ಜ್ಯೂರಿವರೆಗೆ ಹೋಗದೆ ರಾಜಿಯಲ್ಲೇ ಮುಗಿಯುತ್ತವೆ. ಒಂದೆರಡು ದಿನ ಅಲ್ಲಿನ ಕೋರ್ಟ್‌ಗೆ ಹೋಗಿ ಹಿಂದೆ ಕೂತು ನೋಡಲಿ.

ಪ್ರಶ್ನೆ (ಎಚ್‌ಆರ್, ಪೀಣ್ಯ, ಮತ್ತೆ): ಹೊಸ ಲೇಬರ್ ಕೋಡ್ ಬಂತಲ್ಲ. ನಿಮ್ಮ ಕೆಲಸ ಕಡಿಮೆ ಆಗುತ್ತಾ?

ಉತ್ತರ: ಎಲ್ಲಿ ಕಡಿಮೆ! ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು (ಕೋಡ್‌ಗಳು) 2025ರ ನವೆಂಬರ್ 21ಕ್ಕೆ ಜಾರಿಗೆ ಬಂದವು. ಮೇಲ್ವಿಚಾರಣೆಯ ಕೆಲಸದಲ್ಲಿ ಇರುವವರು ಕಾರ್ಮಿಕರೋ ಅಲ್ಲವೋ ಎಂದು ಅಳೆಯುವ ಸಂಬಳದ ಮಿತಿ ತಿಂಗಳಿಗೆ 10,000 ಇದ್ದದ್ದು 18,000 ಆಯಿತು. ಇನ್ನು 'ಸೂಪರ್‌ವೈಸರ್' ಎಂದು ಬರೀ ಬೋರ್ಡ್ ಹಾಕಿದವರ ಜಗಳ ಇದ್ದೇ ಇದೆ. ಕೋರ್ಟ್ ನೋಡುವುದು ಅವರು ದಿನವಿಡೀ ಮಾಡಿದ ಕೆಲಸವನ್ನು. ನಿಮ್ಮಲ್ಲಿ ಅಂಥವರ ನೇಮಕಾತಿ ಪತ್ರಗಳಿದ್ದರೆ ಈಗಲೇ ತೆಗೆದು ಓದಿ. ರಜೆ ಮಂಜೂರು ಮಾಡುವ ಅಧಿಕಾರ ಯಾರಿಗಿದೆ, ಯಾರು ಬರೀ ಮೆಷಿನ್ ಮುಂದೆ ನಿಲ್ಲುತ್ತಾರೆ, ಪಟ್ಟಿ ಮಾಡಿ.