ಹವಾಮಾನ ಮಾತುಕತೆಗೆ ಮೂಲನಿವಾಸಿ ಪ್ರತಿನಿಧಿಗಳ ತಯಾರಿ ಹೇಗಿರಬೇಕು?

ಪ್ರಶ್ನೆ: ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಮೊದಲ ಬಾರಿ ಹೊರಡುವ ಮೂಲನಿವಾಸಿ ಯುವಜನರಿಗೆ ತರಬೇತಿ ರೂಪಿಸುತ್ತಿದ್ದೇವೆ. ಹವಾಮಾನ ವಿಜ್ಞಾನದಿಂದ ಆರಂಭಿಸಬೇಕೇ, ಸಭೆಯ ನಡಾವಳಿಯಿಂದಲೇ?

ಉತ್ತರ 1: ನಡಾವಳಿಯಿಂದಲೇ. ತಮ್ಮ ನೆಲದ ಮಳೆ, ಹಿಮ, ಕಾಡು ಬದಲಾಗಿರುವುದನ್ನು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದರೆ ತಾವು ಅಲ್ಲಿ ವೀಕ್ಷಕರು, ನಿರ್ಣಯ ಸದಸ್ಯ ರಾಷ್ಟ್ರಗಳದ್ದು ಎಂಬುದು ಮೊದಲೇ ತಿಳಿದಿರಬೇಕು. ನಿರ್ಣಯದ ಕರಡಿನಲ್ಲಿ ಚೌಕಾವರಣದೊಳಗೆ, ಅಂದರೆ [ ] ಗುರುತಿನೊಳಗೆ, ಇರುವ ಮಾತಿಗೆ ಇನ್ನೂ ಒಮ್ಮತ ಸಿಕ್ಕಿಲ್ಲವೆಂದು ಅರ್ಥ. ಹಕ್ಕುಗಳ ಉಲ್ಲೇಖ ಉಳಿಯುವುದೋ ಅಳಿಯುವುದೋ ಎಂಬ ಜಗ್ಗಾಟ ಬಹುಪಾಲು ಅಲ್ಲಿಯೇ ನಡೆಯುವುದರಿಂದ, ಹಳೆಯ ಕರಡೊಂದನ್ನು ಮುಂದಿಟ್ಟು ಸಾಲುಸಾಲಾಗಿ ಓದಿಸುವುದು ಯಾವ ಉಪನ್ಯಾಸಕ್ಕಿಂತಲೂ ಮೇಲು.

ಉತ್ತರ 2: ಒಪ್ಪುತ್ತೇನೆ. ಒಬ್ಬೊಬ್ಬರೇ ಓಡಾಡುವ ಬದಲು, ಸಮ್ಮೇಳನದ ವೇಳೆ ಸಾಮಾನ್ಯ ನಿಲುವು ರೂಪಿಸಲು ಸೇರುವ ಮೂಲನಿವಾಸಿಗಳ ಅಂತರರಾಷ್ಟ್ರೀಯ ಹವಾಮಾನ ವೇದಿಕೆಯ ಸಭೆಗಳಲ್ಲಿ ಅವರು ಕೂರಲಿ. ವಿಶ್ವಸಂಸ್ಥೆಯ ಹವಾಮಾನ ವ್ಯವಸ್ಥೆಯೊಳಗೇ ‘ಸ್ಥಳೀಯ ಸಮುದಾಯಗಳು ಮತ್ತು ಮೂಲನಿವಾಸಿಗಳ ವೇದಿಕೆ’ ಎಂಬ ಇನ್ನೊಂದು ವೇದಿಕೆಯಿದೆ; ಅದಕ್ಕಾಗಿ ಪೋಲೆಂಡ್‌ನ ಕಟೊವಿಟ್ಸೆಯ 2018ರ ಸಮ್ಮೇಳನ ರಚಿಸಿದ ಕಾರ್ಯತಂಡದ 14 ಸ್ಥಾನಗಳಲ್ಲಿ 7 ಮೂಲನಿವಾಸಿ ಪ್ರತಿನಿಧಿಗಳಿಗೆ ಮೀಸಲು. ಆ ಕಾರ್ಯತಂಡದ ಕೆಲಸವನ್ನೂ ಪರಿಚಯಿಸಿ.

ಉತ್ತರ 3: ಭಾಷೆಯನ್ನು ಮರೆಯಬೇಡಿ. ಪೂರ್ಣಾಧಿವೇಶನಕ್ಕೆ ಭಾಷಾಂತರಕಾರರಿರುತ್ತಾರೆ, ಆದರೆ ನಿಜವಾದ ಚೌಕಾಸಿ ನಡೆಯುವ ಅನೌಪಚಾರಿಕ ಸಭೆಗಳು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಸಾಗುತ್ತವೆ. ಅನುದಾನ ಕೊಡುವವರು ವಿಮಾನದ ಟಿಕೆಟ್‌ಗೆ ತೋರುವ ಉತ್ಸಾಹವನ್ನು ಭಾಷಾಂತರಕ್ಕೆ ತೋರುವುದಿಲ್ಲ! ಸಾಧ್ಯವಾದರೆ ಜರ್ಮನಿಯ ಬಾನ್‌ನಲ್ಲಿ ಜೂನ್ ವೇಳೆಗೆ ನಡೆಯುವ ಪೂರ್ವಭಾವಿ ಅಧಿವೇಶನಕ್ಕೇ ಅವರನ್ನು ಮೊದಲು ಕಳುಹಿಸಿ.