ಲಸಿಕೆ ಹಾಕಿಸಿದ್ದರೂ ಕುದುರೆ ಕಂದು ಹಾಕಿದ್ದೇಕೆ?

ಪ್ರಶ್ನೆ: ಡಾಕ್ಟರೇ, ಗಬ್ಬದ ಕುದುರೆಗೆ 5, 7, 9ನೇ ತಿಂಗಳಲ್ಲಿ ಹರ್ಪಿಸ್ ಲಸಿಕೆ ತಪ್ಪದೆ ಹಾಕಿಸಿದ್ದೆವು. ಹತ್ತನೆಯ ತಿಂಗಳಲ್ಲಿ ಯಾವ ಸೂಚನೆಯೂ ಇಲ್ಲದೆ ಕಂದು ಹಾಕಿತು. ಪ್ರಯೋಗಾಲಯದವರು ಇಎಚ್‌ವಿ-1 (ಕುದುರೆಯ ಹರ್ಪಿಸ್ ವೈರಸ್-1) ಎಂದಿದ್ದಾರೆ. ಲಾಯಕ್ಕೆ ಹೊಸ ಕುದುರೆ ತಂದೇ ಇಲ್ಲ. ಲಸಿಕೆ ಕಳಪೆಯಾಗಿತ್ತೇ?

ಉತ್ತರ: ಲಸಿಕೆಯನ್ನು ದೂರುವ ಮೊದಲು ವೈರಸ್ಸಿನ ಚಾಲಾಕಿತನ ನೋಡಿ. ಅದು ಹೊರಗಿನಿಂದಲೇ ಬರಬೇಕಾಗಿಲ್ಲ. ಮರಿಯಾಗಿದ್ದಾಗಲೇ ಅಂಟಿ, ಮುಖದ ಟ್ರೈಜೆಮಿನಲ್ ನರಗ್ರಂಥಿಯಲ್ಲೋ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲೋ ಬದುಕಿಡೀ ಅಡಗಿರುತ್ತದೆ. ದೂರದ ಪ್ರಯಾಣ, ಬೇರೆ ಕಾಯಿಲೆ, ಸ್ಟೀರಾಯ್ಡ್ ಚಿಕಿತ್ಸೆ ಇವು ಅದನ್ನು ಎಬ್ಬಿಸಬಲ್ಲವು. ಎದ್ದದ್ದು ಪಕ್ಕದ ಕುದುರೆಯಲ್ಲಿಯೂ ಇರಬಹುದು. ಅದು ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿಯೇ ಕಾಣುತ್ತಿರುತ್ತದೆ.

ವೈರಸ್ ಮೊದಲು ಮೂಗಿನ ಒಳಪೊರೆಯಲ್ಲಿ ಬೆಳೆದು, ಒಂದೆರಡು ದಿನಗಳಲ್ಲಿ ಲಿಂಫ್ ಗ್ರಂಥಿ ತಲುಪಿ, ಬಿಳಿ ರಕ್ತಕಣಗಳ ಒಳಗೆ ಸೇರುತ್ತದೆ. ಪೊಲೀಸ್ ಜೀಪಿನಲ್ಲೇ ಕುಳಿತು ಊರು ದಾಟುವ ಕಳ್ಳನ ಹಾಗೆ! ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ರಕ್ತದಲ್ಲಿ ಎಷ್ಟೇ ಇದ್ದರೂ ಜೀವಕೋಶದ ಒಳಗಿರುವುದನ್ನು ಮುಟ್ಟಲಾರವು.

ಸೋಂಕಿತ ಕೋಶವನ್ನೇ ಕೊಲ್ಲುವ ಟಿ ಕೋಶಗಳಿವೆಯಲ್ಲ ಎಂದು ನೀವು ಕೇಳಬಹುದು. ಸೋಂಕಿತ ಕೋಶ ವೈರಸ್ಸಿನ ಪ್ರೋಟೀನ್ ತುಣುಕನ್ನು ಎಂಎಚ್‌ಸಿ-1 ಎಂಬ ಅಣುವಿನ ಮೇಲಿಟ್ಟು ಹೊರಗೆ ತೋರಿಸಿದರೆ ಮಾತ್ರ ಅವು ಗುರುತಿಸುತ್ತವೆ. ಇಎಚ್‌ವಿ-1ರ ಯುಎಲ್49.5 ಪ್ರೋಟೀನ್ ಆ ತುಣುಕುಗಳನ್ನು ಸಾಗಿಸುವ ಟ್ಯಾಪ್ ಎಂಬ ದಾರಿಯನ್ನೇ ಮುಚ್ಚಿಬಿಡುತ್ತದೆ. ವೈರಸ್ಸಿನದೇ ಇನ್ನೊಂದು ಪ್ರೋಟೀನ್ ಗ್ಲೈಕೋಪ್ರೋಟೀನ್ ಜಿ, ರಕ್ಷಕ ಕೋಶಗಳನ್ನು ಕರೆಯುವ ಕೀಮೋಕೈನ್‌ಗಳನ್ನು ಹಿಡಿದಿಡುತ್ತದೆ. ಹೀಗೆ ಗರ್ಭಕೋಶದ ರಕ್ತನಾಳ ತಲುಪಿದ ವೈರಸ್ ಅಲ್ಲಿ ಉರಿಯೂತ ಮಾಡಿ, ರಕ್ತ ಹೆಪ್ಪುಗಟ್ಟಿಸಿ, ಮಾಸಿಗೆ ಹೋಗುವ ರಕ್ತ ತಡೆಯುತ್ತದೆ; ಕುದುರೆ ಕಂದು ಹಾಕುತ್ತದೆ. ಆದರೂ ಲಸಿಕೆ ಹಾಕಿಸಿದ ಕುದುರೆ ಸಾಮಾನ್ಯವಾಗಿ ಕಡಿಮೆ ವೈರಸ್ ಹರಡುತ್ತದೆ. ಆದ್ದರಿಂದ ಲಸಿಕೆ ನಿಲ್ಲಿಸಬೇಡಿ.

ಮತ್ತೊಬ್ಬರ ಪ್ರಶ್ನೆ: ಹಿಂಗಾಲು ತೂರಾಡುವ ಹರ್ಪಿಸ್ ಬೇರೆಯೇ, ಸರ್?

ಉತ್ತರ: ಅದೇ ವೈರಸ್, ನಾಳ ಮಾತ್ರ ಬೇರೆ. ಬೆನ್ನುಹುರಿಯ ರಕ್ತನಾಳ ಹೆಪ್ಪುಗಟ್ಟಿದರೆ ಹಿಂಗಾಲು ಸೋಲುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ, ಬಾಲ ಜೋಲುತ್ತದೆ. 2021ರ ಫೆಬ್ರವರಿಯಲ್ಲಿ ಸ್ಪೇನಿನ ವೆಲೆನ್ಸಿಯಾದ ಜಿಗಿತ ಸ್ಪರ್ಧೆಯಲ್ಲಿ ಇದು ಹಬ್ಬಿ, ಯೂರೋಪಿನ ಹಲವು ದೇಶಗಳಲ್ಲಿ ಸ್ಪರ್ಧೆಗಳೇ ರದ್ದಾದವು. 18 ಕುದುರೆಗಳು ಸತ್ತವು. ಈ ನರರೂಪವನ್ನು ಖಚಿತವಾಗಿ ತಡೆಯುವ ಲಸಿಕೆ ಇಲ್ಲ.

ಪ್ರಶ್ನೆ: ಈಗ ನಾವೇನು ಮಾಡಬೇಕು? ಕಂದು ಹಾಕಿದ ನಮ್ಮ ಕುದುರೆ ಮತ್ತೆ ಗಬ್ಬ ನಿಲ್ಲುತ್ತದೆಯೇ?

ಉತ್ತರ: ಸಾಮಾನ್ಯವಾಗಿ ನಿಲ್ಲುತ್ತದೆ. ಸದ್ಯಕ್ಕೆ ಅದನ್ನು ಬೇರೆ ಕಟ್ಟಿ. ಬಿದ್ದ ಮರಿ, ಮಾಸು, ಒದ್ದೆ ಹುಲ್ಲು ಇವುಗಳಲ್ಲಿ ವೈರಸ್ ತುಂಬಿರುತ್ತದೆ. ಕೈಗವಸು ಹಾಕಿ ತೆಗೆದು, ಜಾಗಕ್ಕೆ ಸೋಂಕುನಿವಾರಕ ಹೊಡೆಯಿರಿ. ಅದನ್ನು ನೋಡಿಕೊಳ್ಳುವ ಸೈಸ್ ಉಳಿದ ಗಬ್ಬದ ಕುದುರೆಗಳ ಹತ್ತಿರ ಹೋಗುವುದು ಬೇಡ. ಎಲ್ಲ ಕುದುರೆಗಳ ಜ್ವರವನ್ನು ಬೆಳಿಗ್ಗೆ, ಸಂಜೆ ಅಳೆದು ಬರೆದಿಡಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದೇ ದಿನ ಮೂಗಿನ ಸ್ವಾಬ್ ಹಾಗೂ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ನಳಿಕೆಯಲ್ಲಿ ರಕ್ತ ತೆಗೆಸಿ, ವೈರಸ್ ಪತ್ತೆಯ ಪಿಸಿಆರ್ ಪರೀಕ್ಷೆಗೆ ಕಳುಹಿಸಿ.