ಹೊಸ ಚಕ್ ಕೂರಿಸಿದ್ದೇನೆ, ಔಟ್ (ತಿರುಗುವಾಗ ಸೆಂಟರ್ ತಪ್ಪಿ ಅಲುಗುವುದು) ಹೋಗುತ್ತಿಲ್ಲ. ಏನು ಮಾಡಲಿ?

ಮನೆಯ ಸಣ್ಣ ಲೇತ್‌ಗೆ 125 ಎಂಎಂ ತ್ರೀ-ಜಾ ಚಕ್ (ಮೂರು ದವಡೆಯಿಂದ ತುಂಡನ್ನು ಹಿಡಿದುಕೊಳ್ಳುವ ಭಾಗ) ತಂದಿದ್ದೇನೆ. ಅದನ್ನು ಲೇತ್‌ಗೆ ಜೋಡಿಸುವ ಬ್ಯಾಕ್ ಪ್ಲೇಟ್ ಬೇರೆಯಾಗಿ ಬಂತು. ರಾಡ್ ಹಿಡಿದು ಡಯಲ್ (ಅಲುಗಾಟ ಅಳೆಯುವ ಗೇಜ್) ಇಟ್ಟರೆ 0.15 ಎಂಎಂ ತೋರಿಸುತ್ತಿದೆ. ಚಕ್ಕೇ ಸರಿಯಿಲ್ವಾ, ಕೂರಿಸಿದ್ದು ಸರಿಯಿಲ್ವಾ? ಅನುಭವ ಇದ್ದವರು ಹೇಳಿ.

*

ಚಕ್ಕನ್ನು ಬಿಚ್ಚಿ ಪಕ್ಕಕ್ಕಿಡಿ ಸರ್. ಚಕ್ಕನ್ನು ತಿರುಗಿಸುವ ಸ್ಪಿಂಡಲ್‌ನಿಂದ ಶುರು ಮಾಡಿ. ಲಿವರ್ ಡಯಲ್‌ನ ತುದಿಯನ್ನು ಸ್ಪಿಂಡಲ್ ಒಳಗಿನ ಟೇಪರ್‌ಗೆ (ಒಳಗೆ ಹೋದಂತೆ ಕಿರಿದಾಗುವ ತೂತಿಗೆ) ತಾಗಿಸಿ ಕೈಯಲ್ಲೇ ನಿಧಾನ ತಿರುಗಿಸಿ. ಆಮೇಲೆ ಪ್ಲೇಟ್ ಕೂರುವ ಮುಖ, ಹೊರ ವ್ಯಾಸ. ಮುಳ್ಳು 0.01ರ ಆಸುಪಾಸಿನಲ್ಲೇ ಇದ್ದರೆ ಸ್ಪಿಂಡಲ್ ಮೇಲೆ ಅನುಮಾನ ಬೇಡ. ಜಾಸ್ತಿ ಇದ್ದರೆ ಬೇರಿಂಗ್ ನೋಡಬೇಕು, ಯಾವ ಚಕ್ ಹಾಕಿದರೂ ಅಷ್ಟೇ.

ಮುಂದಿನದು ಬ್ಯಾಕ್ ಪ್ಲೇಟ್. ಅದರ ಮುಖ ಮತ್ತು ಚಕ್ ಕೂರುವ ಸ್ಟೆಪ್ (ಮೆಟ್ಟಿಲಿನಂಥ ಉಬ್ಬು), ಎರಡನ್ನೂ ನಿಮ್ಮ ಲೇತ್‌ನಲ್ಲೇ, ನಿಮ್ಮ ಸ್ಪಿಂಡಲ್ ಮೇಲೆ ಕೂರಿಸಿಯೇ ಟರ್ನ್ ಮಾಡಬೇಕು. ಬೇರೆ ಮಷಿನ್‌ನಲ್ಲಿ ಮಾಡಿಸಿದ್ದು ಅಲ್ಲಿಗೆ ಸರಿ, ಇಲ್ಲಿಗೆ ಸರಿಯಿರಬೇಕಂತಿಲ್ಲ. ಟರ್ನ್ ಮಾಡುವ ಮೊದಲೇ ಪ್ಲೇಟ್‌ಗೂ ಸ್ಪಿಂಡಲ್‌ಗೂ ಎದುರುಬದುರು ಪಂಚ್ ಗುರುತು ಹಾಕಿ, ಯಾವಾಗಲೂ ಹಾಗೇ ಕೂರಿಸಿ. ಥ್ರೆಡ್ ಇರುವ ಸ್ಪಿಂಡಲ್ ಆದರೆ ಗುರುತು ಬೇಕಿಲ್ಲ. ಆದರೆ ಅಲ್ಲಿ ಸೆಂಟರ್ ಹಿಡಿಯುವುದು ಥ್ರೆಡ್ ಅಲ್ಲ, ಅದರ ಹಿಂದಿನ ನುಣುಪು ಭಾಗ ಮತ್ತು ಭುಜ. ಪ್ಲೇಟ್ ಆ ಭುಜಕ್ಕೆ ಪೂರ್ತಿ ತಾಗಿ ಕೂತಿರಬೇಕು.

ಬೋಲ್ಟ್ ತೂತುಗಳ ಅಂಚನ್ನು ಉಗುರಲ್ಲಿ ಸವರಿ ನೋಡಿ. ಟ್ಯಾಪ್ ಹಾಕಿ ಥ್ರೆಡ್ ಕೊರೆದ ಮೇಲೆ ಅಲ್ಲಿ ಲೋಹ ಸ್ವಲ್ಪ ಉಬ್ಬಿರುತ್ತೆ, ಕಣ್ಣಿಗೆ ಕಾಣಲ್ಲ. ಅಷ್ಟು ಸಾಕು ಚಕ್ ಓರೆಯಾಗಲು. ತೂತಿನ ಬಾಯಿಗೆ ಚೇಂಫರ್ ಕೊಟ್ಟು (ಅಂಚನ್ನು ಓರೆಯಾಗಿ ತೆಗೆದು), ಮುಖವನ್ನು ಆಯಿಲ್ ಸ್ಟೋನ್‌ನಿಂದ ಉಜ್ಜಿ. ಆಮೇಲೆ ಮಾರ್ಕರ್‌ನಲ್ಲಿ ಗೀಟು ಎಳೆದು, ಚಕ್ ಒತ್ತಿ ಸ್ವಲ್ಪ ಆಡಿಸಿ ತೆಗೆಯಿರಿ. ಸುತ್ತಲೂ ಒಂದೇ ಸಮ ಅಳಿಸಿದ್ದರೆ ಸರಿ.

*

ಮೇಲಿನವರು ಹೇಳಿದ್ದೆಲ್ಲ ಸರಿ. ಸ್ಟೆಪ್ ಮಾತ್ರ ಎಷ್ಟು ಟೈಟ್ ಇರಬೇಕು ಅನ್ನೋದರಲ್ಲಿ ಎರಡು ಪಂಗಡ ಇದೆ. ಕೈಯಲ್ಲಿ ಒತ್ತಿದರೆ ಮಾತ್ರ ಕೂರುವಷ್ಟು ಬಿಗಿ ಇಡುವವರು ಒಂದು ಕಡೆ. ನಾನು ಇನ್ನೊಂದು ಕಡೆ: ಸ್ಟೆಪ್ಪನ್ನು ಅದು ಕೂರುವ ಚಕ್ ಗುಳಿಗಿಂತ 0.2 ಎಂಎಂ ಸಣ್ಣದಾಗಿಯೇ ತೆಗೆಯುತ್ತೇನೆ. ಬೋಲ್ಟ್ ಅರ್ಧ ಬಿಗಿದು, ಡಯಲ್ ನೋಡುತ್ತಾ ಚಕ್ ಮೈಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಟ್ರೂ ಮಾಡಿ (ಸೆಂಟರ್‌ಗೆ ತಂದು), ಆಮೇಲೆ ಒಂದೊಂದೇ ಬೋಲ್ಟನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತೇನೆ. ಚಕ್‌ನ ಸ್ವಂತ ತಪ್ಪನ್ನೂ ಹೀಗೆ ಸರಿದೂಗಿಸಬಹುದು. ಟೂಲ್ ಜೋರಾಗಿ ಸಿಕ್ಕಿಕೊಂಡರೆ ಜರುಗಬಹುದು, ಅದೊಂದು ತೊಂದರೆ. ಭಾರೀ ಕಟ್ ತೆಗೆಯುವವರಿಗೆ ಬಿಗಿ ಸ್ಟೆಪ್ಪೇ ಒಳ್ಳೇದು.

*

ಯಾವ ರಾಡ್ ಹಿಡಿದಿರಿ? ಮಾಮೂಲಿ ರಾಡ್‌ನಲ್ಲಿ ಅಳೆದರೆ ಚಕ್‌ನದ್ದಾ ರಾಡ್‌ನದ್ದಾ ಗೊತ್ತಾಗಲ್ಲ. ಗ್ರೈಂಡ್ ಆದ ಡೋವೆಲ್ ಪಿನ್ (ನಿಖರವಾಗಿ ದುಂಡಗಿರುವ ಉಕ್ಕಿನ ಪಿನ್) ಹಿಡಿಯಿರಿ. ಜಾ ಪಕ್ಕದಲ್ಲಿ ಒಮ್ಮೆ, 75 ಎಂಎಂ ಆಚೆ ಒಮ್ಮೆ ನೋಡಿ. ಎರಡೂ ಕಡೆ ಅಷ್ಟೇ ಇದ್ದರೆ ಸೆಂಟರ್ ಪಕ್ಕಕ್ಕೆ ಹೋಗಿದೆ, ತಟ್ಟಿ ಸರಿಮಾಡಬಹುದು. ಆಚೆ ಹೋದಂತೆ ಜಾಸ್ತಿಯಾದರೆ ಓರೆ. ಅದಕ್ಕೆ ಪ್ಲೇಟ್ ಮುಖ ಇಲ್ಲವೇ ಜಾ ಬಾಯಿ ಕಾರಣ, ಎಷ್ಟು ತಟ್ಟಿದರೂ ಹೋಗಲ್ಲ.

ಅಂದಹಾಗೆ ಡಯಲ್ 0.15 ತೋರಿಸಿದರೆ ಸೆಂಟರ್ ತಪ್ಪಿರುವುದು ಅದರ ಅರ್ಧ, 0.075. ಸಾಧಾರಣ ತ್ರೀ-ಜಾ ಚಕ್‌ನಲ್ಲಿ ಡಯಲ್ 0.05ರಿಂದ 0.08ರವರೆಗೆ ತೋರಿಸುವುದು ಮಾಮೂಲು. ಕೀ ಹಾಕುವ ಮೂರೂ ತೂತಿನಿಂದ ಬಿಗಿದು ನೋಡಿ, ಯಾವುದರಲ್ಲಿ ಕಡಿಮೆ ಬರುತ್ತೋ ಅದಕ್ಕೊಂದು ಗುರುತು.

*

ಪ್ರಶ್ನೆ ಕೇಳಿದವನು ನಾನೇ. ಸ್ಪಿಂಡಲ್ ಚೆನ್ನಾಗಿದೆ. ಒಂದು ಬೋಲ್ಟ್ ತೂತಿನ ಬಾಯಿ ಉಬ್ಬಿತ್ತು, ಉಜ್ಜಿದೆ. 12 ಎಂಎಂ ಪಿನ್ ಹಿಡಿದರೆ ಈಗ 0.06, ಆಚೆ ತುದಿಯಲ್ಲೂ ಅಷ್ಟೇ. ಆದರೆ 25 ಎಂಎಂ ಪಿನ್ ಹಿಡಿದರೆ 0.09. ಇದ್ಯಾಕೆ?

*

ಮೂರೂ ಜಾ ಒಟ್ಟಿಗೆ ಸರಿಸುವ ಒಳಗಿನ ಸ್ಕ್ರೋಲ್ (ಸುರುಳಿ) ಎಲ್ಲ ಜಾಗದಲ್ಲೂ ಒಂದೇ ಸಮ ಇರಲ್ಲ ಸರ್. ಒಂದು ಸೈಜ್‌ಗೆ ಟ್ರೂ ಮಾಡಿದರೆ ಇನ್ನೊಂದು ಸೈಜ್‌ಗೆ ಸ್ವಲ್ಪ ತಪ್ಪುತ್ತೆ. ಇನ್ನು ಬಿಚ್ಚಲು ಹೋಗಬೇಡಿ. ಒಂದೇ ಹಿಡಿತದಲ್ಲಿ ಟರ್ನಿಂಗ್, ಬೋರಿಂಗ್ ಎಲ್ಲ ಮುಗಿಸಿದರೆ ಈ ಔಟ್ ಕೆಲಸದಲ್ಲಿ ಕಾಣುವುದೇ ಇಲ್ಲ. ತಿರುಗಿಸಿ ಹಿಡಿಯಬೇಕಾದ ಕೆಲಸಕ್ಕೆ ಫೋರ್-ಜಾ (ನಾಲ್ಕೂ ಜಾ ಬೇರೆಬೇರೆಯಾಗಿ ಸರಿಸುವ ಚಕ್) ಹಾಕಿ.